ತಲೆಗೊಂದು ಟೋಪಿ, ಊರಿಗೊಂದು ನಡಿಗೆ

ಹರಕೆ ಹೊತ್ತು ನಡೆಯುವುದು ಕನ್ನಡನಾಡಿನ ಜನಕ್ಕೆ ಹೊಸದಲ್ಲ. ಶಿವರಾತ್ರಿ ಹತ್ತಿರವಾಯಿತೆಂದರೆ ಬೆಂಗಳೂರು, ಹಾಸನದ ಕಡೆಯ ಜನ ಗುಂಪು ಕಟ್ಟಿಕೊಂಡು ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆಯುತ್ತಾರೆ. ಯುಗಾದಿ ಮುಂದಿರುವಾಗ ಉತ್ತರ ಕರ್ನಾಟಕದವರು ಕಂಬಿ ಹೊತ್ತು ಶ್ರೀಶೈಲದ ದಾರಿ ಹಿಡಿಯುತ್ತಾರೆ. ದಾರಿಯ ಊರುಗಳಲ್ಲಿ ಮಜ್ಜಿಗೆ, ಪಾನಕ. ಬೊಬ್ಬೆ ಎದ್ದ ಪಾದಕ್ಕೆ ಎಣ್ಣೆ. ನಡೆಯುವವರ ಮನಸ್ಸಿನಲ್ಲಿ ಮನೆಯವರ ಕಾಯಿಲೆಯೋ ಮಕ್ಕಳ ಚಿಂತೆಯೋ ಇರುತ್ತದೆ. ಒಬ್ಬರೇ ಹೊರಲಾರದ ಭಾರವನ್ನು ನಾಲ್ಕು ಜನರ ಜೊತೆ ನಡೆದು ಹಗುರ ಮಾಡಿಕೊಳ್ಳುವ ಉಪಾಯ ಅದು.

ಇದಕ್ಕೆ ದೂರದ ನೆಂಟನೆನ್ನಬಹುದಾದ ಇನ್ನೊಂದು ನಡಿಗೆ ಕೆಲವು ದಶಕಗಳಿಂದ ಜಗತ್ತಿನ ಹಲವು ಊರುಗಳಲ್ಲಿ ನಡೆಯುತ್ತಿದೆ. ಇದರ ಗುರಿ ದೇವಸ್ಥಾನವಲ್ಲ, ಒಂದು ರೋಗ: ಮಿದುಳಿನ ಗಡ್ಡೆ, ಜನ ದನಿ ತಗ್ಗಿಸಿ ಹೇಳುವ ಬ್ರೈನ್ ಟ್ಯೂಮರ್. ಭಾನುವಾರ ಬೆಳಿಗ್ಗೆ ಉದ್ಯಾನವೊಂದರಲ್ಲಿ ಜನ ಸೇರುತ್ತಾರೆ. ಎದೆಗೆ ಬೂದು ಬಣ್ಣದ ರಿಬ್ಬನ್. ಅಂಗಿಯ ಮೇಲೆ ತೀರಿಹೋದ ಮಗನದೋ ಹೆಂಡತಿಯದೋ ಹೆಸರು. ಕೂದಲು ಇನ್ನೂ ಬೆಳೆಯದ ತಲೆಯ ಮೇಲೆ ಹೊಲಿಗೆಯ ಗುರುತಿರುವವರು ಕೆಲವರು, ಗಾಲಿಕುರ್ಚಿಯಲ್ಲಿ ಕುಳಿತವರು ಕೆಲವರು. ಎರಡೋ ಐದೋ ಕಿಲೋಮೀಟರು ಸಾಗಿ, ನೀರು ಕುಡಿದು, ಹಣ್ಣು ತಿಂದು ಮನೆಗೆ ಹೋಗುತ್ತಾರೆ.

ನೋಡುವವರಿಗೆ ಪ್ರಶ್ನೆ ಹುಟ್ಟುವುದು ಸಹಜ. ಸಕ್ಕರೆ ಕಾಯಿಲೆಯವರು ನಡೆದರೆ ಸಕ್ಕರೆಯಾದರೂ ಇಳಿದೀತು. ರಕ್ತದೊತ್ತಡದವರು ನಡೆದರೆ ಒತ್ತಡ ಹತೋಟಿಗೆ ಬಂದೀತು. ನಡೆದರೆ ಮಿದುಳಿನ ಗಡ್ಡೆ ಕರಗುತ್ತದೆಯೇ? ಇಲ್ಲ. ಬಾರದಂತೆ ತಡೆಯಬಹುದೇ? ಅದೂ ಇಲ್ಲ. ಹಾಗಾದರೆ ಈ ನಡಿಗೆ ಯಾತಕ್ಕೆ?

ಇಬ್ಬರು ತಾಯಂದಿರು

ಅಮೆರಿಕದ ಷಿಕಾಗೊ ನಗರದಲ್ಲಿ 1973ರಲ್ಲಿ ಇಬ್ಬರು ಯುವ ತಾಯಂದಿರು ಒಂದು ಸಂಘ ಕಟ್ಟಿದರು. ಇಬ್ಬರ ಮಕ್ಕಳಿಗೂ ಮಿದುಳಿನಲ್ಲಿ ಗಡ್ಡೆ. ಈ ರೋಗದ ಸಂಶೋಧನೆಗೆಂದೇ ಹಣ ಕೂಡಿಸುವವರು ಆಗ ಇರಲಿಲ್ಲವೆಂದೇ ಹೇಳಬೇಕು. ಆ ಇಬ್ಬರು ಹಚ್ಚಿದ ದೀಪವೇ ಇಂದಿನ ಅಮೆರಿಕನ್ ಬ್ರೈನ್ ಟ್ಯೂಮರ್ ಅಸೋಸಿಯೇಷನ್. ಕೆನಡಾದ ಲಂಡನ್ ಎಂಬ ಊರಿನಲ್ಲಿ 1982ರಲ್ಲಿ ಅಂಥದೇ ಇನ್ನೊಂದು ಸಂಸ್ಥೆ ಹುಟ್ಟಿತು. ಮಗಳನ್ನು ಕಳೆದುಕೊಂಡ ತಂದೆ, ಒಬ್ಬ ನರಶಸ್ತ್ರವೈದ್ಯರು ಮತ್ತು ಅವರ ಪತ್ನಿ ಸೇರಿ ಅದನ್ನು ಆರಂಭಿಸಿದರು. ಇಂದು ಆ ದೇಶದ ಹಲವು ಊರುಗಳಲ್ಲಿ ಆ ಸಂಸ್ಥೆಯ ಹೆಸರಿನಲ್ಲಿ ನಡಿಗೆ ನಡೆಯುತ್ತದೆ.

ಜರ್ಮನಿಯ ಲೈಪ್‌ಜಿಗ್‌ನಲ್ಲಿರುವ ಮಿದುಳು ಗಡ್ಡೆ ನೆರವಿನ ಸಂಘ 2000ನೇ ಇಸವಿಯಲ್ಲಿ ಜೂನ್ 8ನ್ನು ವಿಶ್ವ ಮಿದುಳು ಗಡ್ಡೆ ದಿನವೆಂದು ಆಚರಿಸತೊಡಗಿತು. ಅದು ಬೇರೆ ದೇಶಗಳಿಗೂ ಹಬ್ಬಿತು. ಅಮೆರಿಕ, ಕೆನಡಾಗಳಲ್ಲಿ ಮೇ ತಿಂಗಳು, ಬ್ರಿಟನ್ನಿನಲ್ಲಿ ಮಾರ್ಚ್ ತಿಂಗಳು ಈ ಕೆಲಸಕ್ಕೆ ಮೀಸಲು. ರಿಬ್ಬನ್ನಿನ ಬೂದು ಬಣ್ಣ ಮಿದುಳಿನ ಬೂದು ದ್ರವ್ಯವನ್ನು ನೆನಪಿಸುತ್ತದೆ.

ಈ ಸಂಸ್ಥೆಗಳ ಚರಿತ್ರೆಯಲ್ಲಿ ಒಂದು ಸಮಾನ ಅಂಶವಿದೆ. ಹೆಚ್ಚಿನವನ್ನು ಕಟ್ಟಿದವರು ಸರ್ಕಾರವಲ್ಲ, ಔಷಧ ಕಂಪನಿಗಳೂ ಅಲ್ಲ. ಮನೆಯಲ್ಲಿ ಪೆಟ್ಟು ತಿಂದವರು.

ಟೋಪಿ ಹಾಕುವ ಜನ

ಕನ್ನಡದಲ್ಲಿ ಟೋಪಿ ಹಾಕುವುದೆಂದರೆ ಮೋಸ ಮಾಡುವುದು. ಬ್ರಿಟನ್ನು, ಆಸ್ಟ್ರೇಲಿಯಾಗಳಲ್ಲಿ ಈ ರೋಗದ ಸಲುವಾಗಿ ಜನ ನಿಜವಾಗಿಯೇ ಟೋಪಿ ಹಾಕುತ್ತಾರೆ. ಬ್ರಿಟನ್ನಿನಲ್ಲಿ ಮಾರ್ಚ್ ತಿಂಗಳ ಒಂದು ದಿನ ಶಾಲೆ, ಕಚೇರಿಗಳಿಗೆ ಬಗೆಬಗೆಯ ಟೋಪಿ ಧರಿಸಿ ಹೋಗಿ ಚಂದಾ ಕೊಡುತ್ತಾರೆ. ಆಸ್ಟ್ರೇಲಿಯಾದಲ್ಲಿ ಉಣ್ಣೆಯ ಟೋಪಿಯ ಹಿಂದೆ ಒಂದು ಕಥೆಯಿದೆ. ಅಲ್ಲಿನ ಟಿ.ವಿ. ನಿರೂಪಕಿ ಕ್ಯಾರಿ ಬಿಕ್‌ಮೋರ್ ಅವರ ಪತಿ ಸುಮಾರು ಹತ್ತು ವರ್ಷ ಮಿದುಳಿನ ಕ್ಯಾನ್ಸರಿನೊಡನೆ ಹೋರಾಡಿ 2010ರಲ್ಲಿ ತೀರಿಕೊಂಡರು. 2015ರಲ್ಲಿ ಆಕೆಗೆ ಟಿ.ವಿ. ರಂಗದ ದೊಡ್ಡ ಪ್ರಶಸ್ತಿ ಬಂತು. ಒಡವೆ, ರೇಷ್ಮೆಯುಡುಪುಗಳ ಆ ಸಭೆಯಲ್ಲಿ ಆಕೆ ತಲೆಗೊಂದು ಉಣ್ಣೆಯ ಟೋಪಿ ಸಿಕ್ಕಿಸಿಕೊಂಡು ಮಾತನಾಡಿದರು. ಆ ಟೋಪಿಗಳ ಮಾರಾಟದಿಂದ ಬಂದ ಹಣದ ಬಲದಲ್ಲಿ 2021ರಲ್ಲಿ ಮೆಲ್ಬರ್ನ್‌ನಲ್ಲಿ ಮಿದುಳು ಕ್ಯಾನ್ಸರಿನ ಸಂಶೋಧನ ಕೇಂದ್ರವೊಂದು ಆರಂಭವಾಯಿತು.

ಅದೇ ದೇಶದ ರಗ್ಬಿ ಆಟಗಾರ ಮಾರ್ಕ್ ಹ್ಯೂಸ್ ಅವರಿಗೆ 2013ರಲ್ಲಿ ಈ ರೋಗ ಪತ್ತೆಯಾಯಿತು. ಅವರೂ ಪತ್ನಿಯೂ ಸೇರಿ ಮರುವರ್ಷ ತಮ್ಮದೊಂದು ಪ್ರತಿಷ್ಠಾನ ಕಟ್ಟಿದರು. ಈಗ ಅಲ್ಲಿನ ರಗ್ಬಿ ಲೀಗಿನಲ್ಲಿ ಪ್ರತಿವರ್ಷ ಒಂದು ಸುತ್ತಿನ ಪಂದ್ಯಗಳು ಟೋಪಿಯ ಹೆಸರಿನಲ್ಲಿ ನಡೆಯುತ್ತವೆ. ಇಲ್ಲಿ ಮುಂಗಾರು ಹೊಯ್ಯುವ ಕಾಲಕ್ಕೆ ದಕ್ಷಿಣ ಗೋಳಾರ್ಧದಲ್ಲಿ ಚಳಿಗಾಲ. ಟೋಪಿ ತಲೆಗೂ ಬೇಕು, ಕೆಲಸಕ್ಕೂ ಬಂತು.

ಹಣವೇಕೆ ಬೇಕು?

ಮಿದುಳಿನ ಗಡ್ಡೆ ಒಂದು ರೋಗವಲ್ಲ. ನೂರಕ್ಕೂ ಹೆಚ್ಚು ಬಗೆಗಳಿವೆ. ಮಿದುಳಿನ ಹೊದಿಕೆಯಲ್ಲಿ ಬೆಳೆಯುವ ಮೆನಿಂಜಿಯೋಮ ಎಂಬ ಗಡ್ಡೆಗಳಲ್ಲಿ ಹೆಚ್ಚಿನವು ನಿಧಾನವಾಗಿ ಬೆಳೆಯುವ ಸಾಧು ಗಡ್ಡೆಗಳು. ಶಸ್ತ್ರಕ್ರಿಯೆಯಿಂದ ತೆಗೆದರೆ ಎಷ್ಟೋ ಜನ ಪೂರ್ಣ ಗುಣವಾಗುತ್ತಾರೆ. ಇನ್ನೊಂದು ತುದಿಯಲ್ಲಿ ಗ್ಲಯೋಬ್ಲಾಸ್ಟೋಮ. ಅದು ಮರದ ಬೇರಿನಂತೆ ಸುತ್ತಲಿನ ಅಂಗಾಂಶದೊಳಗೆ ಇಳಿಯುತ್ತದೆ. ಕಣ್ಣಿಗೆ ಕಂಡದ್ದನ್ನೆಲ್ಲ ತೆಗೆದರೂ ಕಾಣದ್ದು ಉಳಿಯುತ್ತದೆ. 2022ರ ಅಂದಾಜಿನಂತೆ ಜಗತ್ತಿನಲ್ಲಿ ಆ ಒಂದು ವರ್ಷ ಸುಮಾರು 3 ಲಕ್ಷ 20 ಸಾವಿರ ಜನರಲ್ಲಿ ಮಿದುಳು ಮತ್ತು ನರಮಂಡಲದ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಸುಮಾರು ಎರಡೂವರೆ ಲಕ್ಷ ಜನ ಸತ್ತರು. ಸ್ತನ, ಶ್ವಾಸಕೋಶಗಳ ಕ್ಯಾನ್ಸರಿನ ಮುಂದೆ ಈ ಸಂಖ್ಯೆ ಚಿಕ್ಕದು. ಅದನ್ನು ನೂರು ಬಗೆಗಳಿಗೆ ಹಂಚಿದರೆ ಒಂದೊಂದೂ ಅಪರೂಪದ ರೋಗವೇ.

ಇದರ ಜೊತೆಗೆ ಮಿದುಳು ತನಗೆ ತಾನೇ ಕಟ್ಟಿಕೊಂಡ ಕೋಟೆಯೊಂದಿದೆ. 1885ರಲ್ಲಿ ಜರ್ಮನಿಯ ಪೌಲ್ ಎರ್ಲಿಖ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿ ನೋಡಿದರು. ಉಳಿದ ಅಂಗಗಳೆಲ್ಲ ಬಣ್ಣ ಹೀರಿದವು, ಮಿದುಳು ಮಾತ್ರ ಬೆಳ್ಳಗೇ ಉಳಿಯಿತು. ಮಿದುಳಿನ ಸೂಕ್ಷ್ಮ ರಕ್ತನಾಳಗಳ ಗೋಡೆ ಬಲು ಬಿಗಿ. ವಿಷವನ್ನು ತಡೆಯುವ ಆ ಗೋಡೆಯೇ ಔಷಧವನ್ನೂ ತಡೆಯುತ್ತದೆ. ಹೀಗಾಗಿ ಬೇರೆ ಕ್ಯಾನ್ಸರುಗಳಿಗೆ ನಾಟುವ ಎಷ್ಟೋ ಮದ್ದು ಇಲ್ಲಿ ಬಾಗಿಲಲ್ಲೇ ನಿಲ್ಲುತ್ತದೆ.

2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಗ್ಲಯೋಬ್ಲಾಸ್ಟೋಮ ರೋಗಿಗಳಿಗೆ ವಿಕಿರಣ ಚಿಕಿತ್ಸೆಯ ಜೊತೆ ಟೆಮೊಜೊಲೊಮೈಡ್ ಎಂಬ ಮಾತ್ರೆ ಕೊಟ್ಟಾಗ ಬದುಕಿನ ಮಧ್ಯಮ ಅವಧಿ 12.1 ತಿಂಗಳಿನಿಂದ 14.6 ತಿಂಗಳಿಗೆ ಏರಿತೆಂದು ತೋರಿಸಿತು. ಎರಡು ವರ್ಷ ದಾಟಿದವರು ನೂರಕ್ಕೆ 10ರಿಂದ 26ಕ್ಕೆ ಏರಿದರು. ಹೊರಗಿನವರಿಗೆ ಎರಡೂವರೆ ತಿಂಗಳು ದೊಡ್ಡದೆನಿಸದು. ಮಗಳ ಮದುವೆ ಎರಡು ತಿಂಗಳಿದೆ ಎನ್ನುವ ಮನೆಯಲ್ಲಿ ಅದರ ಬೆಲೆ ಬೇರೆ. ನಿಧಾನವಾಗಿ ಬೆಳೆಯುವ ಕೆಲವು ಗಡ್ಡೆಗಳಲ್ಲಿ ಒಂದು ನಿರ್ದಿಷ್ಟ ಜೀನಿನ ದೋಷವನ್ನೇ ಗುರಿಮಾಡುವ ವೊರಾಸಿಡೆನಿಬ್ ಎಂಬ ಮಾತ್ರೆಗೆ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇಂಥ ಒಂದೊಂದು ಹೆಜ್ಜೆಗೂ ವರ್ಷಗಟ್ಟಲೆ ಕಾಲ, ರಾಶಿ ಹಣ ಬೇಕು.

ಲಕ್ಷಣವೇ ದೀಪ

ನಡಿಗೆಯಿಂದ ಕೂಡುವ ಹಣ ಒಂದು ಲಾಭ. ಅದಕ್ಕಿಂತ ದೊಡ್ಡದು ಇನ್ನೊಂದಿದೆ, ಅದಕ್ಕೆ ಖರ್ಚೂ ಕಡಿಮೆ.

ಒಂಬತ್ತು ವರ್ಷದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಎದ್ದೊಡನೆ ತಲೆನೋವು ಎನ್ನುತ್ತಾಳೆ. ವಾಂತಿ ಮಾಡಿಕೊಳ್ಳುತ್ತಾಳೆ. ಹತ್ತು ಗಂಟೆಯ ಹೊತ್ತಿಗೆ ಸರಿಹೋಗುತ್ತಾಳೆ. "ಪಿತ್ತ ಕೆದರಿದೆ" ಎಂದು ಅಜ್ಜಿ ಜೀರಿಗೆ ಕಷಾಯ ಕೊಡುತ್ತಾಳೆ. "ಸ್ಕೂಲಿಗೆ ಚಕ್ಕರ್ ಹಾಕೋ ನೆಪ" ಎಂದು ಅಪ್ಪ ಗದರುತ್ತಾನೆ. ಜಂತುಹುಳುವಿನ ಮಾತ್ರೆ ಆಗುತ್ತದೆ. ಬೋರ್ಡು ಎರಡೆರಡು ಕಾಣುತ್ತದೆ ಎಂದಾಗ ಕನ್ನಡಕ ಬರುತ್ತದೆ. ಕುತ್ತಿಗೆ ಒಂದು ಕಡೆ ವಾಲಿಸಿ ಕೂರುತ್ತಾಳೆ. ಮಲಗಿದ್ದು ಸರಿಯಾಗಿಲ್ಲವೆಂದು ಎಣ್ಣೆ ತಿಕ್ಕುತ್ತಾರೆ. ನಡೆಯುವಾಗ ತೂರಾಡಿದರೆ ದೃಷ್ಟಿ ತಾಗಿತೆಂದು ತಾಯಿತ ಕಟ್ಟುತ್ತಾರೆ. ಮನೆಯವರಲ್ಲಿ ಯಾರೂ ಕೆಟ್ಟವರಲ್ಲ, ಯಾರೂ ಅಲಕ್ಷ್ಯ ಮಾಡಿದ್ದಲ್ಲ. ಒಂದೊಂದು ಲಕ್ಷಣಕ್ಕೂ ಒಂದೊಂದು ಕಾರಣ ಸಿಕ್ಕಿತು. ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿ ನೋಡಿದವರಿಲ್ಲ, ಅಷ್ಟೇ.

ಪೋಣಿಸುವುದು ಕಷ್ಟವಲ್ಲ. ತಲೆಬುರುಡೆ ಗಟ್ಟಿ ಚಿಪ್ಪಿನ ಮುಚ್ಚಿದ ಕೋಣೆ. ಒಳಗೆ ಮಿದುಳು, ರಕ್ತ ಮತ್ತು ಮಿದುಳಿನ ಸುತ್ತ ಹರಿಯುವ ತಿಳಿದ್ರವ. ನಾಲ್ಕನೆಯದೊಂದು ಒಳಗೆ ಬಂದು ಬೆಳೆದರೆ ಒತ್ತಡ ಏರಲೇಬೇಕು, ಚಿಪ್ಪು ಹಿಗ್ಗದು. ರಾತ್ರಿ ಅಂಗಾತ ಮಲಗಿದಾಗ ತಲೆಯಿಂದ ರಕ್ತ ಇಳಿಯುವುದು ನಿಧಾನ. ನಿದ್ದೆಯಲ್ಲಿ ಉಸಿರು ಮಂದವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತುಸು ಏರುತ್ತದೆ, ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ. ಆದ್ದರಿಂದ ಮುಂಜಾನೆಯೇ ಒತ್ತಡ ಹೆಚ್ಚು. ಮುಂಜಾನೆಯೇ ತಲೆನೋವು, ವಾಂತಿ. ಎದ್ದು ಓಡಾಡಿದ ಮೇಲೆ ಇಳಿಯುತ್ತದೆ. ಮಕ್ಕಳಲ್ಲಿ ಗಡ್ಡೆ ಬಹುಪಾಲು ಬರುವುದು ತಲೆಯ ಹಿಂಭಾಗದಲ್ಲಿ, ದೇಹದ ಸಮತೋಲ ಕಾಯುವ ಕಿರುಮಿದುಳಿನ ಆಸುಪಾಸಿನಲ್ಲಿ. ಅದರಿಂದ ತೂರಾಟ. ಕಣ್ಣು ಹೊರಳಿಸುವ ನರಕ್ಕೆ ಒತ್ತಡ ಬಿದ್ದರೆ ಒಂದು ಎರಡಾಗಿ ಕಾಣುತ್ತದೆ. ಎರಡನ್ನು ಒಂದು ಮಾಡಿಕೊಳ್ಳಲು ಮಗು ತಾನಾಗಿ ತಲೆ ವಾಲಿಸುತ್ತದೆ.

ಹೀಗೆ ಲಕ್ಷಣ ಓದಿಯೇ ಗಡ್ಡೆಯ ಜಾಗ ಹೇಳಿದ ಕಾಲವೊಂದಿತ್ತು. 1884ರ ನವೆಂಬರ್ 25ರಂದು ಲಂಡನ್ನಿನಲ್ಲಿ ರಿಕ್‌ಮನ್ ಗಾಡ್ಲೀ ಎಂಬ ಶಸ್ತ್ರವೈದ್ಯ ಸ್ಕಾಟ್ಲೆಂಡಿನ ಯುವ ರೈತನೊಬ್ಬನ ತಲೆಬುರುಡೆ ತೆರೆದರು. ಎಕ್ಸ್-ರೇ ಕೂಡ ಇಲ್ಲದ ಕಾಲ. ಮುಖ, ತೋಳುಗಳ ಎಡಭಾಗದ ಸೆಳೆತ ನೋಡಿ, ಗಡ್ಡೆ ಮಿದುಳಿನ ಬಲಭಾಗದ ಇಂಥ ಕಡೆಯೇ ಇರಬೇಕೆಂದು ಹ್ಯೂಸ್ ಬೆನೆಟ್ ಎಂಬ ವೈದ್ಯ ಹೇಳಿದ್ದರು. ಗಡ್ಡೆ ಅಲ್ಲಿಯೇ ಇತ್ತು! ರೋಗಿ ತಿಂಗಳೊಳಗೆ ಸೋಂಕಿನಿಂದ ತೀರಿಕೊಂಡರೂ ಹೊಸ ದಾರಿ ತೆರೆಯಿತು. ಕಣ್ಣಿಗೆ ಕಾಣುವ ಚಿತ್ರ ಸಿಕ್ಕಿದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನ ವಿಂಬಲ್ಡನ್‌ನಲ್ಲಿ. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಕಟ್ಟಿದ ಸಿ.ಟಿ. ಯಂತ್ರದೊಳಗೆ ಮೊದಲು ತಲೆಯಿಟ್ಟ ರೋಗಿ ಮಿದುಳಿನ ಗಡ್ಡೆಯ ಶಂಕೆಯಿದ್ದ ಮಹಿಳೆಯೇ. ಇಂದು ಯಂತ್ರಗಳಿಗೆ ಕೊರತೆಯಿಲ್ಲ. ಯಂತ್ರದವರೆಗೆ ಮಗುವನ್ನು ಕರೆದೊಯ್ಯಬೇಕೆಂದು ಯಾರಿಗಾದರೂ ಹೊಳೆಯಬೇಕು.

14 ವಾರ, 7 ವಾರ

ಹೊಳೆಯುವಂತೆ ಮಾಡಬಹುದೇ? ಮಾಡಬಹುದು ಎನ್ನುವುದಕ್ಕೆ ಬ್ರಿಟನ್ನಿನಲ್ಲಿ ಲೆಕ್ಕವಿದೆ. ಅಲ್ಲಿ ಮಕ್ಕಳಲ್ಲಿ ಮೊದಲ ಲಕ್ಷಣ ಕಂಡಂದಿನಿಂದ ಗಡ್ಡೆ ಪತ್ತೆಯಾಗಲು 2006ರ ಸುಮಾರಿಗೆ 14 ವಾರಕ್ಕೂ ಮೀರಿ ಹಿಡಿಯುತ್ತಿತ್ತು. 2011ರಲ್ಲಿ ಹೆಡ್‌ಸ್ಮಾರ್ಟ್ ಎಂಬ ಆಂದೋಲನ ಆರಂಭವಾಯಿತು. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು, ಮಕ್ಕಳ ವೈದ್ಯರ ರಾಯಲ್ ಕಾಲೇಜು ಮತ್ತು ಮಿದುಳು ಗಡ್ಡೆಯ ದತ್ತಿ ಸಂಸ್ಥೆ ಅದರ ಹಿಂದಿದ್ದವು. ಅವರು ಮಾಡಿದ ಮುಖ್ಯ ಕೆಲಸ ಜೇಬಿನಲ್ಲಿಡಬಹುದಾದ ಒಂದು ಚಿಕ್ಕ ಕಾರ್ಡು ಹಂಚಿದ್ದು. ಅದರಲ್ಲಿ ವಯಸ್ಸಿಗೆ ತಕ್ಕಂತೆ ಲಕ್ಷಣಗಳ ಪಟ್ಟಿ. ಶಾಲೆಗೆ, ಮನೆಗೆ, ವೈದ್ಯರ ಮೇಜಿಗೆ ಅದು ತಲುಪಿತು. ಎರಡು ವರ್ಷಗಳಲ್ಲಿ ಆ ಅವಧಿ 6.7 ವಾರಕ್ಕೆ ಇಳಿಯಿತು.

ಹೊಸ ಔಷಧವಿಲ್ಲದೆ, ಹೊಸ ಯಂತ್ರವಿಲ್ಲದೆ, ಒಂದು ಕಾಗದದ ಚೂರು ಏಳೆಂಟು ವಾರ ಉಳಿಸಿತು. ಬೇಗ ಪತ್ತೆಯಾದ ಮಕ್ಕಳೆಲ್ಲ ಬದುಕುತ್ತಾರೆಂದು ಹೇಳಿದರೆ ಅದು ಸುಳ್ಳಾದೀತು. ಗಡ್ಡೆಯ ಜಾತಿಯ ಮೇಲೆ ಬಹಳಷ್ಟು ನಿಂತಿದೆ. ಆದರೆ ಒತ್ತಡದಿಂದ ಕಣ್ಣಿನ ನರ ಸಾಯುವ ಮೊದಲೇ ಮಗು ಆಸ್ಪತ್ರೆ ಸೇರಿದರೆ ದೃಷ್ಟಿ ಉಳಿಯುವ ಸಾಧ್ಯತೆ ಹೆಚ್ಚು. ಪ್ರಜ್ಞೆ ತಪ್ಪಿ ಬರುವ ಮಗುವಿಗೂ ನಡೆದು ಬರುವ ಮಗುವಿಗೂ ಶಸ್ತ್ರಕ್ರಿಯೆಯ ಮೇಜಿನ ಮೇಲೆ ಬಹಳ ವ್ಯತ್ಯಾಸವಿದೆ.

ನಮ್ಮ ಕಡೆ

ಬೆಂಗಳೂರಿನಲ್ಲೂ ಜೂನ್ 8ರ ಆಸುಪಾಸಿನಲ್ಲಿ ಆಸ್ಪತ್ರೆಗಳು ನಡಿಗೆ ಏರ್ಪಡಿಸುತ್ತವೆ, ಗುಣವಾದವರನ್ನು ಸೇರಿಸಿ ಮಾತನಾಡಿಸುತ್ತವೆ. ಈ ಊರಿಗೂ ಮಿದುಳಿಗೂ ಹಳೆಯ ನಂಟು. ಡಾ. ಆರ್.ಎಂ. ವರ್ಮಾ 1958ರಲ್ಲಿ ಇಲ್ಲಿ ನರಶಸ್ತ್ರಚಿಕಿತ್ಸೆ ಆರಂಭಿಸಿದರು. 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಅಲ್ಲಿನ ಮಿದುಳು ಸಂಗ್ರಹಾಲಯವನ್ನು ಸಾರ್ವಜನಿಕರೂ ನೋಡಬಹುದು. ಗಾಜಿನ ಜಾಡಿಗಳಲ್ಲಿ ಸಾಲಾಗಿಟ್ಟ ಮಿದುಳುಗಳ ನಡುವೆ ಗಡ್ಡೆ ಬೆಳೆದವೂ ಇವೆ. ಅವನ್ನೊಮ್ಮೆ ನೋಡಿದ ವಿದ್ಯಾರ್ಥಿ ತಲೆನೋವಿಗೆ ಮಾಟವೇ ಕಾರಣವೆಂದು ಮತ್ತೆ ನಂಬಲಾರ.

ಆದರೆ ನಡಿಗೆ ಕಬ್ಬನ್ ಪಾರ್ಕಿನಲ್ಲೇ ಮುಗಿದರೆ ಸಾಲದು. ಹಳ್ಳಿ, ಹೋಬಳಿಗಳಲ್ಲಿ ಇಂದಿಗೂ ಫಿಟ್ಸ್ ಬಂದವನ ಕೈಗೆ ಕಬ್ಬಿಣದ ಬೀಗದ ಕೈ ಕೊಡುತ್ತಾರೆ, ಮೂಗಿಗೆ ಈರುಳ್ಳಿ ಹಿಡಿಯುತ್ತಾರೆ. ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಬಾಯಿಗೇನೂ ತುರುಕದೆ, ಆಸ್ಪತ್ರೆಗೆ ಕರೆದೊಯ್ಯಬೇಕು. ದೊಡ್ಡವರಲ್ಲಿ ಮೊದಲ ಬಾರಿಗೆ ಫಿಟ್ಸ್ ಬಂದರೆ ಸ್ಕ್ಯಾನ್ ಮಾಡಿಸಲೇಬೇಕು. ಸ್ಕ್ಯಾನಿನಲ್ಲಿ ಗಂಟು ಕಂಡೊಡನೆ ಎದೆಯೊಡೆದುಕೊಳ್ಳಬೇಕಿಲ್ಲ. ಭಾರತದಲ್ಲಿ ಅಂಥ ಗಂಟುಗಳಲ್ಲಿ ಎಷ್ಟೋ ಲಾಡಿಹುಳುವಿನ ಮರಿಯಿಂದಲೋ ಕ್ಷಯದಿಂದಲೋ ಆದವು, ಔಷಧದಿಂದಲೇ ವಾಸಿಯಾಗುತ್ತವೆ.

ಹೆದರಿಕೆ ಹುಟ್ಟಿಸುವ ಜಾಗೃತಿ ಜಾಗೃತಿಯಲ್ಲ. ನೂರು ತಲೆನೋವುಗಳಲ್ಲಿ ನೂರೂ ಗಡ್ಡೆಯದಲ್ಲದಿರಬಹುದು. ಅರೆತಲೆನೋವು, ನಿದ್ದೆಗೇಡು, ಒತ್ತಡಗಳೇ ಸಾಮಾನ್ಯ ಕಾರಣ. ಮೊಬೈಲಿನಿಂದ ಗಡ್ಡೆ ಬರುತ್ತದೆಯೇ ಎಂಬ ಪ್ರಶ್ನೆ ಇಂಥ ಸಭೆಗಳಲ್ಲೆಲ್ಲ ಏಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ, 2024ರಲ್ಲಿ ಪ್ರಕಟವಾದ ಪರಾಮರ್ಶೆಯಲ್ಲಿ ಅಂಥ ನಂಟು ಕಾಣಲಿಲ್ಲ. ಹೆಚ್ಚಿನವರಲ್ಲಿ ಗಡ್ಡೆಗೆ ಕಾರಣ ತಿಳಿಯುವುದೇ ಇಲ್ಲ. ಎಂದ ಮೇಲೆ ರೋಗಿಯ ಪಾಪ, ತಾಯಿಯ ತಪ್ಪು, ಗ್ರಹಚಾರ ಎಂಬ ಮಾತುಗಳಿಗೂ ಅರ್ಥವಿಲ್ಲ. ನಡಿಗೆಯಲ್ಲಿ ಮಗನ ಹೆಸರು ಬೆನ್ನಿಗಂಟಿಸಿಕೊಂಡ ತಾಯಿಗೆ ಪಕ್ಕದಲ್ಲೇ ಅಂಥ ಇನ್ನೊಬ್ಬಳು ಸಿಕ್ಕಾಗ ಮೊದಲು ಹಗುರವಾಗುವುದು ಈ ಭಾರವೇ.

ದುಡ್ಡಿನ ಚಿಂತೆಯಿಂದ ತಡ ಮಾಡುವವರೂ ಇದ್ದಾರೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ ದಾರಿ ತಿಳಿದುಕೊಳ್ಳಬಹುದು.

ಶಾಲೆಗಳಲ್ಲಿ ಜಾಥಾಕ್ಕೆ ಬರವಿಲ್ಲ. ಪೋಲಿಯೊ ಜಾಥಾ, ಸಾಕ್ಷರತೆಯ ಜಾಥಾ, ಸ್ವಚ್ಛತೆಯ ಜಾಥಾ. ಮಕ್ಕಳು ಬಿಸಿಲಿನಲ್ಲಿ ಘೋಷಣೆ ಕೂಗಿ, ಚಾಕೊಲೇಟ್ ತಿಂದು ಮನೆಗೆ ಹೋಗುತ್ತಾರೆ. ಫಲಕಗಳು ಸ್ಟಾಫ್ ರೂಮಿನ ಮೂಲೆ ಸೇರುತ್ತವೆ. ಜೂನ್ 8 ಶಾಲೆ ಆರಂಭವಾದ ಹೊಸತರಲ್ಲೇ ಬರುತ್ತದೆ. ಅಂದು ಜಾಥಾ ಹೊರಡಲಿ. ಆದರೆ ಪ್ರತಿ ಮಗುವಿನ ಕೈಯಲ್ಲಿ ಮನೆಗೆ ಒಂದು ಚೀಟಿಯೂ ಹೋಗಲಿ: ಎರಡು ವಾರ ಬಿಡದ ತಲೆನೋವು ಅಥವಾ ವಾಂತಿ, ಅದೂ ಬೆಳಗಿನ ಹೊತ್ತು, ಎರಡೆರಡಾಗಿ ಕಾಣುವುದು, ಹೊಸದಾಗಿ ಬಂದ ಮೆಳ್ಳೆಗಣ್ಣು, ನಡೆಯುವಾಗ ತೂರಾಟ, ಕತ್ತು ವಾಲಿಸುವುದು, ಫಿಟ್ಸ್, ಇದ್ದಕ್ಕಿದ್ದಂತೆ ಬದಲಾದ ಸ್ವಭಾವ, ಕೆಟ್ಟ ಕೈಬರಹ. ಇವುಗಳಲ್ಲಿ ಒಂದಿದ್ದರೆ ವೈದ್ಯರಿಗೆ ತೋರಿಸಿ. ಎರಡಿದ್ದರೆ ತಡಮಾಡದೆ ತೋರಿಸಿ.

ಕೈಬರಹ ಕೆಟ್ಟದ್ದು ತಂದೆತಾಯಿಗಿಂತ ಮೊದಲು ಕಾಣುವುದು ಮೇಷ್ಟರಿಗೆ. ಹಿಂದಿನ ವರ್ಷ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದ ಹುಡುಗಿಯ ಸಾಲು ಈ ವರ್ಷ ಗೆರೆ ಬಿಟ್ಟು ಇಳಿಯುತ್ತಿದ್ದರೆ, ಬೆತ್ತ ಹಿಡಿಯುವ ಮುನ್ನ ಅವಳಪ್ಪನನ್ನು ಕರೆಸಿ ನಾಲ್ಕು ಮಾತಾಡುವುದು ಮೇಲು. ಷಿಕಾಗೊದಲ್ಲಾಗಲಿ ಕಬ್ಬನ್ ಪಾರ್ಕಿನಲ್ಲಾಗಲಿ ಜನ ಐದು ಕಿಲೋಮೀಟರು ನಡೆಯುವುದು, ಆ ಅಪ್ಪ ಮಗಳ ಕೈ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಒಂದು ತಿಂಗಳು ಮೊದಲೇ ನಡೆಯಲಿ ಎಂದು.